ಕುಶಾಲಿನ ಗುರುತು ಮಾತಿನ ಮೊದಲಿಗೆ ಬರಬೇಕೋ, ಕೊನೆಗೋ?

ಶಿರಸಿಯಿಂದ, ಚರ್ಚೆ ಆರಂಭಿಸಿದವರು

ಕಳೆದ ಆಷಾಢದಲ್ಲಿ ನನ್ನಿಂದಾದ ಒಂದು ತಪ್ಪನ್ನು ಹೇಳಿಕೊಂಡೇ ಈ ಪ್ರಶ್ನೆ ಕೇಳಬೇಕಾಗಿದೆ.

ನಮ್ಮ ಸೀಮೆಯ ವಾಟ್ಸಾಪ್ ಗುಂಪಿನಲ್ಲಿ ಎರಡು ಮೂರು ವರ್ಷಗಳಿಂದ ಒಂದು ರೂಢಿ ಬೆಳೆದಿದೆ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದ ಹುಡುಗರು ಅದನ್ನು ತಂದರು. ಕುಶಾಲಿಗೆ ಏನಾದರೂ ಬರೆದರೆ ಅದರ ಕೊನೆಯಲ್ಲಿ ಕಂಪ್ಯೂಟರ್ ಸಂಕೇತದಂತೆ ಕಾಣುವ </ಕುಶಾಲು> ಎಂಬ ಗುರುತನ್ನು ಸೇರಿಸುತ್ತಾರೆ. ನೋಡನೋಡುತ್ತ ಅದಕ್ಕೆ ಮಕ್ಕಳು ಮರಿಗಳು ಹುಟ್ಟಿದವು. </ಅಡಿಕೆ ದರ ಇಳಿದ ದಿನದ ಸಿಟ್ಟು> ಎಂದು ಒಬ್ಬರು ಬರೆದರೆ, </ಸೊಸೆಗೆ ಕೇಳುವಂತೆ ಮಗನಿಗೆ ಹೇಳಿದ್ದು> ಎಂದು ಇನ್ನೊಬ್ಬರು ಬರೆದರು. ಸಂಕೇತದ ಗಂಧಗಾಳಿಯಿಲ್ಲದ ಎಪ್ಪತ್ತು ದಾಟಿದ ಹಿರಿಯರೂ ಈಗ ಕೋನದ ಚಿಹ್ನೆಯನ್ನು ಕೀಲಿಮಣೆಯಲ್ಲಿ ಹುಡುಕಿ ಒತ್ತುತ್ತಾರೆ. ನನಗೆ ಈ ರೂಢಿ ಬಹಳ ಇಷ್ಟ. ಬರವಣಿಗೆಯಲ್ಲಿ ಕಳೆದುಹೋಗುವ ದನಿಯನ್ನು ಓದುವವರಿಗೆ ಹೇಗಾದರೂ ಮುಟ್ಟಿಸಬೇಕೆಂಬ ಕಾಳಜಿ ಅದರಲ್ಲಿದೆ.

ಆಷಾಢದ ಒಂದು ರಾತ್ರಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ನಾನು ಹೀಗೆ ಬರೆದೆ: "ದೇವಿಮನೆ ಘಟ್ಟದಲ್ಲಿ ಧರೆ ಕುಸಿದು ರಸ್ತೆ ಬಂದಾಗಿದೆ. ಕುಮಟೆಯ ನಂಟರು ನಾಳೆಯ ಸತ್ಯನಾರಾಯಣ ಪೂಜೆಯ ಊಟಕ್ಕೆ ತಲುಪುವುದಿಲ್ಲ. ಆದ್ದರಿಂದ ಹೋಳಿಗೆಯ ಬುಟ್ಟಿಯನ್ನು ನಮ್ಮ ಮನೆಯ ಕಡೆಗೆ ತಿರುಗಿಸುವುದು. </ಕುಶಾಲು>"

ಗುಂಪಿನಲ್ಲಿ ಎಲ್ಲರೂ ನಕ್ಕರು. ಆದರೆ ಯಾರೋ ಮೊದಲ ವಾಕ್ಯವನ್ನಷ್ಟೇ ಎತ್ತಿ ಬೇರೆ ಗುಂಪಿಗೆ ಹಾಕಿದರು. ಮರುದಿನ ಬೆಳಿಗ್ಗೆ ತಾಯಿಯನ್ನು ಕುಮಟೆಯ ವೈದ್ಯರಲ್ಲಿಗೆ ಕರೆದೊಯ್ಯಬೇಕಿದ್ದ ನಮ್ಮ ಪರಿಚಯದವರೊಬ್ಬರು ಅದನ್ನು ಓದಿ, ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆಯ ಮೇಲೆ ಹೊನ್ನಾವರಕ್ಕೆ ಇಳಿದು ಸುತ್ತಿ ಹೋದರು. ಅವರು ತಲುಪುವಷ್ಟರಲ್ಲಿ ವೈದ್ಯರು ಎದ್ದು ಹೋಗಿದ್ದರು. ಅಂದು ದೇವಿಮನೆ ಘಟ್ಟದ ರಸ್ತೆ ತೆರೆದೇ ಇತ್ತು.

ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ತಾಯಿ ಒಂದು ಮಾತೂ ಆಡದೆ ಕುಡಿಯಲು ಆಸರಿಗೆ ಕೊಟ್ಟು ಕಳಿಸಿದರು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಗುರುತು ಹಾಕಿದ್ದೆ ಎಂಬುದು ನಿಜ, ಆದರೆ ಅದನ್ನು ಕೊನೆಯಲ್ಲಿ ಹಾಕಿದ್ದೆ. ಮೊಬೈಲಿನ ಪರದೆಯ ಮೇಲೆ ಮೂಡುವ ಸೂಚನೆಯಲ್ಲಿ ಮೊದಲ ಸಾಲು ಮಾತ್ರ ಕಾಣುವ ಈ ಕಾಲದಲ್ಲಿ ಗುರುತು ಮೊದಲಿಗೇ ಬರಬೇಕಲ್ಲವೇ? ಬಲ್ಲವರು ತಿಳಿಸಬೇಕು.

ಯಲ್ಲಾಪುರದವರು, ಈಗ ಬೆಂಗಳೂರಿನಲ್ಲಿ

ನಾನು ಜಾಲತಾಣಗಳನ್ನು ಕಟ್ಟುವ ಕೆಲಸದಲ್ಲಿರುವುದರಿಂದ ಈ ಗುರುತು ಎಲ್ಲಿಂದ ಬಂದಿತೆಂದು ಹೇಳಬಲ್ಲೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬರಹದ ಯಾವ ಭಾಗ ಶೀರ್ಷಿಕೆ, ಯಾವುದು ಪ್ಯಾರಾ, ಯಾವುದಕ್ಕೆ ಒತ್ತು ಬೇಕು ಎಂಬುದನ್ನು ಯಂತ್ರಕ್ಕೆ ತಿಳಿಸಲು ಪಠ್ಯದೊಳಗೇ ಗುರುತು ಹಾಕುವ ಪದ್ಧತಿ ಹಳೆಯದು. 1986ರಲ್ಲಿ ಎಸ್‌ಜಿಎಂಎಲ್ ಎಂಬ ಹೆಸರಿನಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಜಾಲದ ಪುಟಗಳಿಗಾಗಿ ಎಚ್‌ಟಿಎಂಎಲ್ ರೂಪಿಸಿದಾಗ ಅದೇ ಕೋನದ ಗುರುತುಗಳನ್ನು ಬಳಸಿಕೊಂಡರು. ಇದರಲ್ಲಿ ಗುರುತುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಒಂದು ತೆರೆಯುತ್ತದೆ, ಓರೆಗೆರೆಯಿರುವ ಇನ್ನೊಂದು ಮುಚ್ಚುತ್ತದೆ, ನಡುವೆ ಇರುವುದಕ್ಕೆಲ್ಲ ಅದರ ಗುಣ ಅನ್ವಯಿಸುತ್ತದೆ. ಇಡೀ ದಿನ ಇದನ್ನೇ ಬರೆಯುವವರು ತಮ್ಮ ಹರಟೆಯಲ್ಲೂ ಇಲ್ಲದ ಗುರುತುಗಳನ್ನು ಕಟ್ಟಿ, ಕೊಂಕಿನ ಮಾತಿಗೆ ಕೊಂಕಿನ ಗುರುತು, ಗೊಣಗಾಟಕ್ಕೆ ಗೊಣಗಾಟದ ಗುರುತು ಹಾಕತೊಡಗಿದರು.

ಬರಬರುತ್ತ ತೆರೆಯುವ ಗುರುತು ಉದುರಿ ಮುಚ್ಚುವುದು ಮಾತ್ರ ಉಳಿಯಿತು. ಇಂಗ್ಲಿಷಿನಲ್ಲಿ ಅದೂ ಸವೆದು ಈಗ ಓರೆಗೆರೆ ಮತ್ತು 'ಎಸ್' ಅಕ್ಷರ ಮಾತ್ರ ಉಳಿದಿವೆ. ಕೇಳುವವರನ್ನು ಮೊದಲು ನಂಬಿಸಿ, ಅವರ ಹುಬ್ಬು ಗಂಟಾದ ಮೇಲೆ ಗುಟ್ಟು ಬಿಡಬೇಕೆಂಬ ಆಸೆಯೇ ಇದಕ್ಕೆ ಕಾರಣವೆಂದು ನನಗೆ ಅನಿಸುತ್ತದೆ. ಮೊದಲೇ ಹೇಳಿದರೆ ನಗೆಯ ಮೊನೆ ಮುರಿಯುತ್ತದೆ. ಮೂಲ ಪದ್ಧತಿಯಲ್ಲಿ ತೆರೆಯದೆ ಮುಚ್ಚಿದ ಗುರುತು ದೋಷವೇ ಸರಿ.

ಇನ್ನೊಂದು ಸಂಗತಿಯನ್ನು ನಾನು ನಿನ್ನೆ ರಾತ್ರಿ ಪರೀಕ್ಷಿಸಿ ನೋಡಿದೆ. ಬರೆದದ್ದನ್ನು ಹಾಗೆ ಹಾಗೆಯೇ ಪುಟವಾಗಿಸುವ ತಾಣವೊಂದರಲ್ಲಿ ಇಂಥ ಗುರುತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದರೆ, ತನಗೆ ಗೊತ್ತಿಲ್ಲದ ಗುರುತೆಂದು ಬ್ರೌಸರ್ ಅದನ್ನು ತೋರಿಸುವುದೇ ಇಲ್ಲ. ಒಳಗಿನ ಮಾತು ಮಾತ್ರ ಕಾಣುತ್ತದೆ. ಅಂದರೆ ಕುಶಾಲು ಹೋಗಿ ಸುದ್ದಿ ಉಳಿಯುತ್ತದೆ. ಕನ್ನಡ ಅಕ್ಷರಗಳಲ್ಲಿ ಹಾಕಿದರೆ ಇನ್ನೂ ವಿಚಿತ್ರ. ಎಚ್‌ಟಿಎಂಎಲ್ ನಿಯಮದಂತೆ ಗುರುತಿನ ಹೆಸರು ಇಂಗ್ಲಿಷ್ ಅಕ್ಷರದಿಂದಲೇ ಶುರುವಾಗಬೇಕು. ಹಾಗಾಗಿ ತೆರೆಯುವ <ಕುಶಾಲು> ಗುರುತೇ ಅಲ್ಲವೆಂದಾಗಿ ಸಾದಾ ಪಠ್ಯದಂತೆ ಪರದೆಯ ಮೇಲೆ ಕಾಣಿಸುತ್ತದೆ, ಮುಚ್ಚುವ </ಕುಶಾಲು> ಮಾತ್ರ ಟಿಪ್ಪಣಿಯೆಂದು ಪರಿಗಣಿತವಾಗಿ ಮಾಯವಾಗುತ್ತದೆ. ವಾಟ್ಸಾಪಿನಲ್ಲಿ ಹೀಗಾಗುವುದಿಲ್ಲ, ಎರಡೂ ಕಾಣುತ್ತವೆ. ಆದರೂ ಕನ್ನಡದಲ್ಲಿ ಬರೆಯುವವರಿಗೆ ತೆರೆಯುವ ಗುರುತೇ ಹೆಚ್ಚು ಭದ್ರವೆಂಬುದು ಇದರಿಂದ ತಿಳಿಯುತ್ತದೆ.

ಕುಮಟೆಯಿಂದ, ಕನ್ನಡ ಕಲಿಸುವ ಅಕ್ಕೋರು

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ನಾನು ಸ್ವಲ್ಪ ಬೇರೆ ದಿಕ್ಕಿನಿಂದ ಬರುತ್ತೇನೆ.

ದನಿಯನ್ನು ಬರಹಕ್ಕೆ ಇಳಿಸುವುದು ಹೇಗೆ ಎಂಬ ಚಿಂತೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ನಮ್ಮ ಅಲಂಕಾರಶಾಸ್ತ್ರ 'ಕಾಕು' ಎಂಬ ಮಾತನ್ನು ಇದಕ್ಕಾಗಿಯೇ ಇಟ್ಟುಕೊಂಡಿದೆ. ಒಂದೇ ವಾಕ್ಯ ಉಚ್ಚಾರದ ಏರಿಳಿತದಿಂದ ತನ್ನ ಅರ್ಥವನ್ನೇ ತಿರುವುಮುರುವು ಮಾಡಿಕೊಂಡರೆ ಅದು ಕಾಕು. ರುದ್ರಟನಂಥ ಆಲಂಕಾರಿಕರು ವಕ್ರೋಕ್ತಿಯನ್ನು ಶ್ಲೇಷ ವಕ್ರೋಕ್ತಿ, ಕಾಕು ವಕ್ರೋಕ್ತಿ ಎಂದು ಎರಡಾಗಿ ವಿಂಗಡಿಸಿದರು. ಹೊಗಳಿಕೆಯ ಮುಸುಕಿನಲ್ಲಿ ತೆಗಳುವುದು ವ್ಯಾಜಸ್ತುತಿ. ಇನ್ನು ವ್ಯಾಕರಣಕ್ಕೆ ಬಂದರೆ, ದೂರದವರನ್ನು ಕೂಗಿ ಕರೆಯುವಾಗ ಸ್ವರ ಮೂರು ಮಾತ್ರೆಗಳಷ್ಟು ಎಳೆಯುತ್ತದೆ, ಅದೇ ಪ್ಲುತ. 'ರಾಮಾ೩' ಎಂದು ಮುಂದೆ ಮೂರರ ಅಂಕಿಯನ್ನು ಬರೆದು ಅದನ್ನು ತೋರಿಸುತ್ತೇವೆ. ತರಗತಿಯಲ್ಲಿ ಇದನ್ನು ಕಲಿಸುವಾಗ ನಾನು ಮಕ್ಕಳನ್ನು ಹೊರಗೆ ಕರೆದೊಯ್ದು ಅಂಗಳದ ಈ ತುದಿಯಿಂದ ಆ ತುದಿಗೆ ಕೂಗಿಸುತ್ತೇನೆ. ಕೂಗಿದ ಮೇಲೆ ಆ ಅಂಕಿ ಅಲ್ಲಿ ಏಕೆ ಇದೆಯೆಂದು ಯಾರೂ ಕೇಳುವುದಿಲ್ಲ. ದನಿಗಾಗಿ ಅಕ್ಷರವಲ್ಲದ ಚಿಹ್ನೆಯೊಂದನ್ನು ನಾವು ಎಂದೋ ಒಪ್ಪಿಕೊಂಡಾಗಿದೆ.

ಚಿಹ್ನೆಗಿಂತ ಹೆಚ್ಚಾಗಿ ನನಗೆ ಹೇಳಬೇಕಾದದ್ದು ನಮ್ಮ ಕ್ರಿಯಾಪದಗಳ ಬಾಲದ ಬಗ್ಗೆ. 'ರಸ್ತೆ ಬಂದಾಗಿದೆ' ಎಂಬುದಕ್ಕೂ 'ರಸ್ತೆ ಬಂದಾಗಿದೆಯಂತೆ' ಎಂಬುದಕ್ಕೂ ಇರುವ ಅಂತರವನ್ನು ಯಾವ ಕೋನದ ಗುರುತೂ ಇಷ್ಟು ಚೊಕ್ಕವಾಗಿ ತೋರಿಸಲಾರದು. 'ಅಂತೆ' ಎಂದವರು 'ನಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ' ಎಂದು ತಮ್ಮ ಹೊಣೆಯ ಗಡಿಯನ್ನು ತಾವೇ ಗುರುತಿಸಿಕೊಳ್ಳುತ್ತಾರೆ. ನಿಮ್ಮ ಹವ್ಯಕ ಮಾತಿನಲ್ಲಿ ಅದಕ್ಕೆ 'ಅಡ' ಇದೆ, 'ಮಳೆ ಬತ್ತಡ' ಎಂದರೆ ಮುಗಿಯಿತು. ಈ ಬಾಲವನ್ನು ನಾವು ಬರವಣಿಗೆಯಲ್ಲಿ ಕತ್ತರಿಸಿ ಹಾಕುತ್ತಿದ್ದೇವೆ. ಮೊಬೈಲಿನಲ್ಲಿ ಬರುವ ಎಲ್ಲ ಸುದ್ದಿಯೂ 'ಆಗಿದೆ', 'ನಡೆದಿದೆ' ಎಂದೇ ಬರುತ್ತದೆ. ನೀವು ಅಂದು 'ಬಂದಾಗಿದೆಯಂತೆ, ಹೌದೇ?' ಎಂದು ಬರೆದಿದ್ದರೆ ಆ ಮಗ ಹೊರಡುವ ಮೊದಲು ಯಾರಿಗಾದರೂ ಫೋನ್ ಮಾಡಿ ಕೇಳುತ್ತಿದ್ದರು.

ಹೀಗಾಗಿ ಮಾತಿನ ಒಳಗೇ ದನಿಯನ್ನು ಕೂರಿಸಲು ಬರುವವರಿಗೆ ಹೊರಗಿನ ಗುರುತು ಬೇಡವೆಂಬುದು ನನ್ನ ಅಭಿಪ್ರಾಯ.

ಹೊನ್ನಾವರದಿಂದ, ತಾಳಮದ್ದಲೆಯ ಅರ್ಥಧಾರಿ

ಅಕ್ಕೋರೇ, ನಿಮ್ಮ ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಲೆಬಾಗಿ ಒಪ್ಪುತ್ತೇನೆ. ಅದನ್ನೇಕೆ ಒಪ್ಪಲಾರೆ ಎಂಬುದನ್ನು ಹೇಳುತ್ತೇನೆ.

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚಂಡೆ ಮದ್ದಲೆ, ಪದಕ್ಕೆ ಅರ್ಥ ಹೇಳುವ ಅರ್ಥಧಾರಿಯ ಮಾತು, ಇಷ್ಟೇ. ಸಂಧಾನಕ್ಕೆ ಬಂದ ಕೃಷ್ಣನನ್ನು ಕೌರವ 'ಬಾ ಕೃಷ್ಣ, ನಿನ್ನಂಥ ನಿಷ್ಪಕ್ಷಪಾತಿ ಬಂದದ್ದು ನಮ್ಮ ಪುಣ್ಯ' ಎಂದು ಎದುರುಗೊಂಡಾಗ ಸಭೆಯಲ್ಲಿ ನಗೆ ಏಳುತ್ತದೆ. ಆ ನಗೆಯನ್ನು ಎಬ್ಬಿಸಿದ್ದು ಶಬ್ದವಲ್ಲ, 'ನಿಷ್ಪಕ್ಷಪಾತಿ' ಎಂಬಲ್ಲಿ ಒಂದು ಗಳಿಗೆ ನಿಂತು, 'ಪಾತಿ'ಯನ್ನು ಕೆಳಗಿಳಿಸಿದ ರೀತಿ. ನಾನು ಆಡಿದ ಒಂದು ಅರ್ಥವನ್ನು ಹುಡುಗರು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ ಕಳಿಸಿದ್ದರು. ಓದಿದರೆ ನನಗೇ ಗುರುತು ಹತ್ತಲಿಲ್ಲ. ಕೌರವ ನಿಜವಾಗಿಯೂ ಕೃಷ್ಣನ ಭಕ್ತನಾಗಿಬಿಟ್ಟಿದ್ದ. ಮಾತಿನೊಳಗೆ ದನಿಯನ್ನು ಕೂರಿಸುವುದನ್ನೇ ಬದುಕಿನ ಅಭ್ಯಾಸವಾಗಿ ಮಾಡಿಕೊಂಡವನ ಮಾತೂ ಕಾಗದಕ್ಕೆ ಬಂದಾಗ ಹೀಗಾದರೆ, ದಿನದ ಕೆಲಸದ ನಡುವೆ ನಾಲ್ಕು ಸಾಲು ಒತ್ತುವವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೇ?

ಗುರುತು ಮೊದಲೋ ಕೊನೆಯೋ ಎಂಬ ಪ್ರಶ್ನೆಗೆ ನಮ್ಮ ಪ್ರಸಂಗದ ಪುಸ್ತಕವನ್ನೇ ತೆರೆದು ನೋಡಬಹುದು. ಪ್ರತಿ ಪದದ ತಲೆಯ ಮೇಲೆ ಒಂದು ಸಣ್ಣ ಸಾಲು ಇರುತ್ತದೆ. ರಾಗ ಯಾವುದು, ತಾಳ ಯಾವುದು, ಪದ್ಯವಾದರೆ ಛಂದಸ್ಸು ಭಾಮಿನಿಯೋ ವಾರ್ಧಕವೋ ಕಂದವೋ ಎಂಬುದು ಅಲ್ಲಿರುತ್ತದೆ. ಭಾಗವತರು ಮೊದಲು ಆ ಸಾಲನ್ನು ನೋಡುತ್ತಾರೆ, ಆಮೇಲೆ ಬಾಯಿ ತೆರೆಯುತ್ತಾರೆ. ಪದವನ್ನೆಲ್ಲ ಹಾಡಿ ಮುಗಿಸಿದ ಮೇಲೆ ಇದನ್ನು ಝಂಪೆ ತಾಳದಲ್ಲಿ ಹಾಡಬೇಕಿತ್ತು ಎಂದು ಕೆಳಗೆ ಬರೆದಿದ್ದರೆ ಯಾರಿಗೆ ಪ್ರಯೋಜನ? ನಮ್ಮ ಹಿರಿಯರು ದನಿಯ ಗುರುತನ್ನು ತಲೆಯ ಮೇಲೆ ಇಟ್ಟಿದ್ದಾರೆ. ನಗೆಯ ಮೊನೆ ಮುರಿಯುತ್ತದೆ ಎಂಬ ಅಂಜಿಕೆಯೂ ಬೇಡ. ಹಾಸ್ಯಗಾರ ರಂಗಕ್ಕೆ ಕಾಲಿಡುವ ಮೊದಲೇ ಅವನು ಹಾಸ್ಯಗಾರನೆಂಬುದು ಸಭೆಗೆ ಗೊತ್ತಿರುತ್ತದೆ. ಗೊತ್ತಿದ್ದೇ ನಗುತ್ತಾರೆ.

ಕಾರವಾರದಿಂದ

ನಮ್ಮ ಮನೆಯ ಮಾತು ಕೊಂಕಣಿ. ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳು. ಹೀಗಾಗಿ ಓದಿ ಅರ್ಥ ಮಾಡಿಕೊಳ್ಳುತ್ತೇನೆ, ಆದರೆ ಘಟ್ಟದ ಮೇಲಿನವರು ಯಾವಾಗ ಹೊಗಳುತ್ತಾರೆ, ಯಾವಾಗ ಹೊಗಳಿದಂತೆ ಚುಚ್ಚುತ್ತಾರೆ ಎಂಬುದು ಎದುರಿಗಿದ್ದಾಗಲೇ ಕಷ್ಟದಿಂದ ತಿಳಿಯುತ್ತದೆ. ಬರಹದಲ್ಲಂತೂ ತಿಳಿಯುವುದೇ ಇಲ್ಲ. ನಮ್ಮ ಊರಿನಲ್ಲಿ ನೌಕಾನೆಲೆಗೆ, ಕೈಗಾ ಸ್ಥಾವರಕ್ಕೆ ಬಂದು ನೆಲೆಸಿದವರ ಮನೆಗಳಲ್ಲಿ ದೇಶದ ಎಷ್ಟೋ ಭಾಷೆಗಳಿವೆ. ಅಂಥವರಿರುವ ಬಡಾವಣೆಯ ಗುಂಪಿನಲ್ಲಿ 'ಅಂತೆ'ಯ ಸೂಕ್ಷ್ಮ ಎಲ್ಲರಿಗೂ ಮುಟ್ಟುತ್ತದೆಂದು ನಂಬಿ ಕೂರಲಾಗದು. ಅಕ್ಕೋರು ಹೇಳಿದ ಸೊಗಸು ಭಾಷೆಯಲ್ಲಿ ಹುಟ್ಟಿದವರ ಆಸ್ತಿ. ಗುರುತು ಹೊರಗಿನಿಂದ ಬಂದವರಿಗೂ ಸಿಗುವ ಕೈಹಿಡಿ.

ಶಿರಸಿಯವರು ಬರೆದ ಘಟನೆಯನ್ನು ಓದುವಾಗ ನನಗೆ ನೆನಪಾದದ್ದು ನಗುಮುಖದ ಚಿಹ್ನೆ ಹುಟ್ಟಿದ ಕಥೆ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ತಮ್ಮ ಕಂಪ್ಯೂಟರಿನ ಸೂಚನಾಫಲಕದಲ್ಲಿ ಭೌತಶಾಸ್ತ್ರದ ಒಂದು ಒಗಟನ್ನು ಚರ್ಚಿಸುತ್ತಿದ್ದರು. ಹಗ್ಗ ಕಡಿದು ಬೀಳುವ ಲಿಫ್ಟಿನಲ್ಲಿ ಪಾದರಸದ ಹನಿ ಏನಾಗುತ್ತದೆ ಎಂಬಂಥ ಪ್ರಶ್ನೆ. ಒಬ್ಬರು ಕುಶಾಲಿಗೆ, ಪ್ರಯೋಗದಿಂದಾಗಿ ಒಂದು ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂಬ ಎಚ್ಚರಿಕೆ ಬರೆದರು. ಚರ್ಚೆಯ ಹಿಂದುಮುಂದು ಓದದವರು ಅದನ್ನು ನಿಜವೆಂದೇ ನಂಬಿದರು. ಆಗ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ ಕುಶಾಲಿನ ಮಾತಿಗೆ :-) ಎಂಬ ಗುರುತು ಹಾಕೋಣವೆಂದು ಸೂಚಿಸಿದರು. ನಿಮ್ಮ ಘಟ್ಟದ ರಸ್ತೆಗೂ ಆ ಲಿಫ್ಟಿಗೂ ನಡುವೆ ಹೆಚ್ಚು ದೂರವಿಲ್ಲ. ಎರಡೂ ಕಡೆ ಜನರು ದಿನವೂ ಏರಿ ಇಳಿಯುವ ದಾರಿಯ ಬಗ್ಗೆಯೇ ಕುಶಾಲು ಮಾಡಲಾಯಿತು.

ಅದೇ ಸೂಚನೆಯಲ್ಲಿ ಫಾಲ್‌ಮನ್ ಇನ್ನೊಂದು ಮಾತನ್ನೂ ಸೇರಿಸಿದ್ದರು. ಕುಶಾಲೇ ಹೆಚ್ಚಾಗಿರುವುದರಿಂದ ಕುಶಾಲಲ್ಲದ ಮಾತಿಗೆ ಗುರುತು ಹಾಕುವುದೇ ಮಿತವ್ಯಯವಾದೀತು, ಅದಕ್ಕೆ :-( ಬಳಸಬಹುದು ಎಂದು. ನಮ್ಮ ಬಡಾವಣೆಯಲ್ಲಿ 2024ರ ಮಳೆಗಾಲದ ಮೇಲೆ ನಾವು ಹೆಚ್ಚುಕಡಿಮೆ ಇದನ್ನೇ ಮಾಡಿದ್ದೇವೆ. ಆ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಜೀವಗಳು ಹೋದವು. ಆಗಸ್ಟಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ರಾತ್ರಿ ಕುಸಿಯಿತು. ಸೇತುವೆ ಬಿದ್ದ ಸುದ್ದಿ ಗುಂಪಿಗೆ ಬಂದಾಗ ಅದನ್ನು ಯಾರೋ ಕಟ್ಟಿದ ಕಥೆಯೆಂದು ನಾನೇ ಮೊದಲು ತಳ್ಳಿಹಾಕಿದ್ದೆ. ಬರೆದವರು ಯಾವಾಗಲೂ ಕುಶಾಲು ಮಾಡುವವರಾಗಿದ್ದರು. ಈಗ ರಸ್ತೆ, ಸೇತುವೆ, ಸಮುದ್ರ, ಕರೆಂಟಿನ ಬಗ್ಗೆ ಬರೆಯುವವರು ಮೊದಲ ಶಬ್ದವಾಗಿ 'ಖಚಿತ' ಎಂದು ಹಾಕಿ, ಯಾರು ನೋಡಿದ್ದು, ಎಷ್ಟು ಹೊತ್ತಿಗೆ ನೋಡಿದ್ದು ಎಂಬುದನ್ನು ಬರೆಯಬೇಕು.

ಸಿದ್ದಾಪುರದಿಂದ

ಗುರುತಿನ ಇನ್ನೊಂದು ಬಳಕೆಯ ಬಗ್ಗೆ ಯಾರೂ ಮಾತಾಡಿಲ್ಲ. ಒಬ್ಬರ ಮನೆಯ ಹೆಣ್ಣುಮಕ್ಕಳ ಬಗ್ಗೆ, ಜಾತಿಯ ಬಗ್ಗೆ, ಬಣ್ಣದ ಬಗ್ಗೆ ಅನ್ನಬಾರದ್ದನ್ನು ಅಂದು, ಕೊನೆಯಲ್ಲಿ </ಕುಶಾಲು> ಎಂದು ಹಾಕಿಬಿಟ್ಟರೆ ಪ್ರಾಯಶ್ಚಿತ್ತವಾಯಿತೆಂದು ತಿಳಿದವರಿದ್ದಾರೆ. ನೋವಾಯಿತೆಂದರೆ 'ಗುರುತು ಕಾಣಲಿಲ್ಲವೇ' ಎಂದು ನೊಂದವರನ್ನೇ ಕೇಳುತ್ತಾರೆ. ನನ್ನ ತಂಗಿ ಇಂಥದ್ದೊಂದು ಮಾತಿನಿಂದಾಗಿ ನೆಂಟರ ಗುಂಪನ್ನೇ ಬಿಟ್ಟಳು. ಗುರುತು ಓದುವವರಿಗೆ ದಾರಿ ತೋರಿಸಲಿ ಎಂದು ಹಾಕುವುದೇ ಹೊರತು, ಬರೆದವರು ಅಡಗಿಕೊಳ್ಳಲಿ ಎಂದಲ್ಲ. ಗುರುತನ್ನು ಮೊದಲಿಗೆ ಇಡಬೇಕೆಂಬುದನ್ನು ನಾನು ಈ ಕಾರಣಕ್ಕೂ ಬೆಂಬಲಿಸುತ್ತೇನೆ. 'ಇನ್ನು ಕುಶಾಲು ಮಾಡುತ್ತೇನೆ' ಎಂದು ಮೊದಲೇ ಬರೆದುಕೊಂಡವರ ಕೈ ಅಂಥ ಮಾತಿಗೆ ಸುಲಭವಾಗಿ ಏಳುವುದಿಲ್ಲ.

ಯಲ್ಲಾಪುರದವರು, ಈಗ ಬೆಂಗಳೂರಿನಲ್ಲಿ

ಸಿದ್ದಾಪುರದವರ ಮಾತು ನನ್ನನ್ನು ತಟ್ಟಿತು. ಗುರುತನ್ನು ತಂದ ಹುಡುಗರ ಪೈಕಿ ನಾನೂ ಒಬ್ಬ.

ಅಕ್ಕೋರ ಮಾತಿಗೆ ಒಂದು ಸೇರ್ಪಡೆ ಇದೆ. ನಾವು ಬರೆದದ್ದರಲ್ಲಿ ದನಿ ಸ್ಪಷ್ಟವಾಗಿದೆಯೆಂದು ನಮಗೇಕೆ ಅನಿಸುತ್ತದೆ ಎಂಬುದನ್ನು ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ್ದರು. ಇಮೇಲ್‌ನಲ್ಲಿ ಕೊಂಕಿನ ಮಾತು ಮತ್ತು ನೇರ ಮಾತುಗಳನ್ನು ಕಳಿಸಿದವರು, ಓದುವವರು ಇವನ್ನು 100ಕ್ಕೆ 78ರಷ್ಟು ಸಲ ಸರಿಯಾಗಿ ಗುರುತಿಸುತ್ತಾರೆಂದು ಎಣಿಸಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು 56ರಷ್ಟು ಸಲ ಮಾತ್ರ. ಆಯ್ಕೆ ಎರಡೇ ಇದ್ದುದರಿಂದ ಕಣ್ಣುಮುಚ್ಚಿ ಊಹಿಸಿದ್ದರೂ 50 ಸಿಗುತ್ತಿತ್ತು. ಅದೇ ಮಾತನ್ನು ದನಿಯಲ್ಲಿ ಕೇಳಿದವರು 73ರಷ್ಟು ಸಲ ಗುರುತಿಸಿದರು. ಬರೆಯುವಾಗ ನಮ್ಮ ಕಿವಿಯೊಳಗೆ ನಮ್ಮ ದನಿಯೇ ಕೇಳುತ್ತಿರುತ್ತದೆ, ಓದುವವರಿಗೆ ಅದು ಕೇಳುವುದಿಲ್ಲ. ಹೊನ್ನಾವರದವರ ಕೌರವ ಭಕ್ತನಾದದ್ದೂ ಹೀಗೆಯೇ.

ಅಂಕೋಲೆಯಿಂದ

ನನ್ನ ತಂದೆಗೆ ದೃಷ್ಟಿ ಹೋಗಿ ಒಂಬತ್ತು ವರ್ಷಗಳಾದವು. ಮೊಬೈಲ್ ಗಟ್ಟಿಯಾಗಿ ಓದಿ ಹೇಳುವುದನ್ನು ಕೇಳಿಯೇ ಅವರು ಗುಂಪಿನ ಮಾತನ್ನೆಲ್ಲ ತಿಳಿಯುತ್ತಾರೆ. ಈ ಚರ್ಚೆಯನ್ನೂ ಕೇಳಿಸಿದೆ. ಅವರು ಹೇಳಿದ್ದನ್ನು ಅವರ ಪರವಾಗಿ ಬರೆಯುತ್ತಿದ್ದೇನೆ.

ಅವರ ಫೋನಿನಲ್ಲಿ ವಿರಾಮಚಿಹ್ನೆಗಳನ್ನು ಓದದಂತೆ ಇಟ್ಟಿದ್ದೇವೆ, ಇಲ್ಲವಾದರೆ ಪ್ರತಿ ಚುಕ್ಕೆಯ ಹೆಸರೂ ಕಿವಿಗೆ ಬಡಿಯುತ್ತದೆ. ಹೀಗಾಗಿ ಕೋನವೂ ಓರೆಗೆರೆಯೂ ಅವರಿಗೆ ಕೇಳುವುದಿಲ್ಲ. ತೆರೆಯುವ ಗುರುತೂ ಮುಚ್ಚುವ ಗುರುತೂ ಬರಿಯ 'ಕುಶಾಲು' ಎಂಬ ಒಂದೇ ಶಬ್ದವಾಗಿ ಕೇಳುತ್ತವೆ. ಕೊನೆಯಲ್ಲಿ ಬಂದ ಆ ಶಬ್ದ ಹಿಂದಿನ ಸಂದೇಶಕ್ಕೆ ಸೇರಿದ್ದೋ ಮುಂದಿನದಕ್ಕೋ ಎಂದು ಅವರು ಎಷ್ಟೋ ಸಲ ಗೊಂದಲಕ್ಕೆ ಬಿದ್ದಿದ್ದಾರೆ. ಒಮ್ಮೆ ಯಾರೋ ತೀರಿಕೊಂಡ ಸುದ್ದಿಯ ಹಿಂದಿನ ಸಂದೇಶದಲ್ಲಿ ಈ ಗುರುತಿತ್ತು. ಅವರು ಅದನ್ನು ಸಾವಿನ ಸುದ್ದಿಗೆ ಸೇರಿಸಿಕೊಂಡು ಕೇಳಿ, ಅರ್ಧ ದಿನ ಸಿಟ್ಟಿನಲ್ಲಿ ಊಟ ಬಿಟ್ಟಿದ್ದರು.

ಅವರ ಕೋರಿಕೆ ಸರಳವಾಗಿದೆ. ಚಿಹ್ನೆಯ ಬದಲು ಶಬ್ದವೇ ಕೆಲಸ ಮಾಡಲಿ. ಮೊದಲಿಗೆ <ಕುಶಾಲು ಶುರು>, ಕೊನೆಗೆ </ಕುಶಾಲು ಮುಗಿಯಿತು> ಎಂದು ಬರೆದರೆ ಕಣ್ಣಿದ್ದವರಿಗೂ ಕಾಣುತ್ತದೆ, ಕಿವಿಯಿಂದ ಓದುವವರಿಗೂ ಕೇಳುತ್ತದೆ.

ಕುಮಟೆಯಿಂದ, ಕನ್ನಡ ಕಲಿಸುವ ಅಕ್ಕೋರು

ಕಾರವಾರದವರ ಮತ್ತು ಅಂಕೋಲೆಯ ಹಿರಿಯರ ಮಾತನ್ನು ಓದಿದ ಮೇಲೆ, ಹೊರಗಿನ ಗುರುತು ಬೇಡವೆಂದ ನನ್ನ ಅಭಿಪ್ರಾಯವನ್ನು ಹಿಂದೆ ಪಡೆಯುತ್ತೇನೆ. ನಾನು ನನ್ನಂತೆ ಓದುವವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೆ.

ಗುರುತು ಹಾಕುವುದೇ ಆದರೆ ಅದರ ಹೆಸರಿನಲ್ಲಿ ನಮ್ಮ ಮಾತಿನ ಶ್ರೀಮಂತಿಕೆ ಉಳಿಯಲಿ ಎಂಬುದೊಂದೇ ನನ್ನ ಆಸೆ. ಇಂಗ್ಲಿಷಿನ ಒಂದೇ ಅಕ್ಷರ ಎಲ್ಲ ಬಗೆಯ ಕೊಂಕಿಗೂ ಸಾಕಾಗಿದೆ. ನಮ್ಮಲ್ಲಿ ಕುಶಾಲು ಬೇರೆ, ಅದರಲ್ಲಿ ಎದುರಿನವರೂ ಸೇರಿ ನಗುತ್ತಾರೆ. ಅಣಕ ಬೇರೆ, ಅಲ್ಲಿ ಇನ್ನೊಬ್ಬರ ದನಿಯನ್ನು ತೆಗೆದು ಆಡುತ್ತೇವೆ. ಚುಚ್ಚುಮಾತಿಗೆ ಗುರಿಯಾದವರಿಗೆ ನೋವಾಗಲೇಬೇಕು. ವ್ಯಂಗ್ಯ ಇವೆಲ್ಲಕ್ಕಿಂತ ಸೂಕ್ಷ್ಮ, ಅಲ್ಲಿ ಹೇಳಿದ್ದು ಒಂದು, ಹೊರಡುವ ಅರ್ಥ ಇನ್ನೊಂದು. <ಅಣಕ ಶುರು> ಎಂದು ಬರೆಯುವವರು ಬರೆಯುವ ಮುನ್ನವೇ ತಾವು ಮಾಡುತ್ತಿರುವುದು ಯಾವುದೆಂದು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಸಿದ್ದಾಪುರದವರು ಹೇಳಿದ ಸಂದರ್ಭದಲ್ಲಿ ಬರೆದವರು <ಚುಚ್ಚುಮಾತು ಶುರು> ಎಂದು ಹಾಕಬೇಕಾಗುತ್ತಿತ್ತು. ಹಾಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ?

ಹೊನ್ನಾವರದಿಂದ, ತಾಳಮದ್ದಲೆಯ ಅರ್ಥಧಾರಿ

ಬಹಳ ಚೆನ್ನಾಗಿ ಹೇಳಿದಿರಿ. ನನ್ನ ಆ ಅರ್ಥವನ್ನು ಅಕ್ಷರಕ್ಕಿಳಿಸಿದ ಹುಡುಗರಿಗೆ ಕೌರವನ ಮಾತಿನ ತಲೆಯ ಮೇಲೆ 'ವ್ಯಂಗ್ಯ' ಎಂದು ಬರೆಯಲು ಇವತ್ತೇ ಹೇಳಿದ್ದೇನೆ. ರಾಗ, ತಾಳದ ಸಾಲಿನ ಪಕ್ಕದಲ್ಲೇ ಅದಕ್ಕೆ ಜಾಗವಿದೆ.

ಶಿರಸಿಯಿಂದ, ಚರ್ಚೆ ಆರಂಭಿಸಿದವರು

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ನಿನ್ನೆ ಸಂಜೆ ನಮ್ಮ ಗುಂಪಿನಲ್ಲಿ ಈ ಮಾತುಗಳನ್ನೆಲ್ಲ ಮುಂದಿಟ್ಟೆ. ಎರಡು ಸಂಗತಿಗಳಿಗೆ ಒಪ್ಪಿಗೆಯಾಯಿತು. ಮಳೆಗಾಲ ಕಳೆಯುವವರೆಗೆ ಘಟ್ಟದ ರಸ್ತೆ, ಹೊಳೆ, ಸಂಕ, ಕರೆಂಟು, ಆಸ್ಪತ್ರೆ ಇವುಗಳ ಬಗ್ಗೆ ಗುರುತು ಹಾಕಿಯೂ ಕುಶಾಲು ಮಾಡುವಂತಿಲ್ಲ. ಅವುಗಳ ಬಗ್ಗೆ ಕಣ್ಣಾರೆ ಕಂಡು ಬರೆಯುವ ಪ್ರತಿಯೊಂದೂ ಕಾರವಾರದವರ ಪದ್ಧತಿಯಂತೆ 'ಖಚಿತ' ಎಂಬ ಶಬ್ದದಿಂದ ಶುರುವಾಗಬೇಕು. ಕಣ್ಣಾರೆ ಕಾಣದ್ದಾದರೆ ವಾಕ್ಯದ ಬಾಲದಲ್ಲಿ 'ಅಡ' ಇರಲೇಬೇಕು. ಉಳಿದ ವಿಷಯಗಳಲ್ಲಿ ಗುರುತು ಮೊದಲ ಸಾಲಿನಲ್ಲಿ, ಶಬ್ದರೂಪದಲ್ಲಿ ಬರಬೇಕು.

ಒಂದು ತಕರಾರು ಮಾತ್ರ ಬಗೆಹರಿಯಲಿಲ್ಲ. ಸಂದೇಶದ ನಡುವಿನ ಒಂದು ವಾಕ್ಯವನ್ನಷ್ಟೇ ಎತ್ತಿ ಬೇರೆಡೆಗೆ ಹಾಕುವವರ ಮುಂದೆ ಮೊದಲಿನ ಗುರುತೂ ಕೊನೆಯದೂ ಎರಡೂ ಉಳಿಯುವುದಿಲ್ಲವೆಂದು ನಮ್ಮ ಪಕ್ಕದ ಮನೆಯ ಹುಡುಗಿ ಹೇಳಿದಳು. ಅವಳ ಮಾತು ಸರಿಯಾಗಿದೆ. ನಾನು ಅಂದು ಬರೆದದ್ದರಲ್ಲಿ ಹರಿದು ಹೋದದ್ದು ಒಂದೇ ವಾಕ್ಯ, ಅದರ ಮೈಮೇಲೆ ಗುರುತಿನ ಲವಲೇಶವೂ ಇರಲಿಲ್ಲ. ಗುರುತನ್ನು ಎಲ್ಲಿ ಇಟ್ಟಿದ್ದರೂ ಆ ತಾಯಿ ಗೇರುಸೊಪ್ಪೆಯ ತಿರುವುಗಳಲ್ಲಿ ಕೂತು ಹೋಗುತ್ತಿದ್ದರೋ ಏನೋ. 'ಬಂದಾಗಿದೆಯಡ' ಎಂದು ಬರೆದಿದ್ದರೆ ಬಾಲವಾದರೂ ವಾಕ್ಯದ ಜೊತೆಗೇ ಹೋಗುತ್ತಿತ್ತು. ಅಕ್ಕೋರು ಹೇಳಿದ್ದು ಈಗ ಇನ್ನಷ್ಟು ಅರ್ಥವಾಗುತ್ತಿದೆ.

ನಾಳೆ ಬೆಳಿಗ್ಗೆ ಆ ತಾಯಿಯನ್ನು ಕುಮಟೆಗೆ ಮರುತಪಾಸಣೆಗೆ ಕರೆದೊಯ್ಯುವ ಕೆಲಸವನ್ನು ಅವರ ಮಗನಿಂದ ಕೇಳಿ ಪಡೆದುಕೊಂಡಿದ್ದೇನೆ. ದೇವಿಮನೆ ಘಟ್ಟದ ಮೇಲೆಯೇ ಹೋಗುತ್ತೇವೆ. ಇಳಿದು ತಲುಪಿದ ಮೇಲೆ ರಸ್ತೆ ಹೇಗಿದೆಯೆಂದು, ಎಷ್ಟು ಹೊತ್ತಿಗೆ ನೋಡಿದ್ದೆಂಬುದರ ಸಮೇತ, ಗುಂಪಿಗೆ ಬರೆಯುತ್ತೇನೆ.